ಗಿಂಡಿಯಲ್ಲಿ ಕಾಡು ಬೆಳೆಸಿದ ಪದ್ಮಕ್ಕ

ಪದ್ಮಕ್ಕ ಯಾವ ಮರವನ್ನೂ ಮೊದಲು ತಲೆಯೆತ್ತಿ ನೋಡಿದವರಲ್ಲ. ಮರದ ಬಳಿ ಬಂದೊಡನೆ ಅವರ ಕಣ್ಣು ನೆಲಕ್ಕಿಳಿಯುತ್ತಿತ್ತು. ನೆರಳಿನ ಅಂಚು ಎಲ್ಲಿದೆ, ಎಲ್ಲಿ ದಟ್ಟವಾಗಿದೆ, ಎಲ್ಲಿ ಬಿಸಿಲು ತೂತು ಕೊರೆದಿದೆ ಎಂದು ನೋಡುತ್ತ ಆ ಅಂಚಿನ ಗುಂಟ ಒಂದು ಸುತ್ತು ನಡೆಯುತ್ತಿದ್ದರು, ರಂಗೋಲಿಯ ಗೆರೆ ತುಳಿಯದಂತೆ ನಡೆಯುವವರ ಹಾಗೆ. ಸುತ್ತು ಮುಗಿದ ಮೇಲೆಯೇ ಮುಖ ಮೇಲೆತ್ತುವುದು. ಚೆನ್ನೈಯ ಗಿಂಡಿ ಕೈಗಾರಿಕಾ ಪ್ರದೇಶದ ಉರಿಬಿಸಿಲಲ್ಲಿ, ನಿಂತ ಲಾರಿಗಳ ನಡುವೆ, ಹತ್ತಿ ಸೀರೆಯ ಹೆಂಗಸೊಬ್ಬರು ನೆಲ ನೋಡುತ್ತ ಮರ ಸುತ್ತುವುದನ್ನು ಕಂಡು, ಎದುರಿನ ಲೇತ್ ವರ್ಕ್‌ಶಾಪಿನವರು ಏನೋ ಕಳೆದುಹೋಗಿರಬೇಕೆಂದು ತಾವೂ ಹುಡುಕಲು ಬಂದದ್ದುಂಟು. "ಒಣ್ಣುಂ ಇಲ್ಲೆ, ಸುಮ್ಮಾ" ಎಂದು ಪದ್ಮಕ್ಕ ಅವರನ್ನು ವಾಪಸ್ಸು ಕಳಿಸುತ್ತಿದ್ದರು. ಏನೂ ಇಲ್ಲ, ಸುಮ್ಮನೆ.

ಆ 'ಸುಮ್ಮಾ' ಎಂಬ ಮಾತು ಮೊದಮೊದಲು ನನಗೆ ದೊಡ್ಡ ಕಾಟವಾಗಿತ್ತು. ನನ್ನ ಹೆಸರು ಸುಮಾ. ಚೆನ್ನೈಯಲ್ಲಿ ಬಸ್ಸಿನವರು, ಹೂವಿನವರು, ಆಫೀಸಿನವರು ಎಲ್ಲರೂ ಮಾತು ಮಾತಿಗೆ ನನ್ನನ್ನೇ ಕರೆಯುತ್ತಿದ್ದಾರೆಂದು ತಿಳಿದು ತಿರುಗಿ ತಿರುಗಿ ಕುತ್ತಿಗೆ ನೋವು ಬಂದಿತ್ತು. ಕೆ.ಆರ್. ಪೇಟೆಯ ಹುಡುಗಿ ನಾನು. ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಎರಡು ಸಾವಿರದ ಇಸವಿಯ ಆಚೀಚೆ, ವಿಡಿಯೋ ಗೇಮುಗಳಿಗೆ ಚಿತ್ರ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಬಂದಿದ್ದೆ. ನಟ್ಟು ಬೋಲ್ಟು ತಯಾರಿಸುವ ಶೆಡ್ಡಿನ ಮೇಲಿನ ಮಹಡಿ ನಮ್ಮ ಆಫೀಸು. ಕೆಳಗೆ ಯಂತ್ರ ತಿರುಗಿದರೆ ಮೇಲೆ ನಮ್ಮ ಮಾನಿಟರುಗಳು ಮೆಲ್ಲಗೆ ನಡುಗುತ್ತಿದ್ದವು.

ಹೊರದೇಶದ ಕಂಪನಿಗಳು ಮಕ್ಕಳ ಆಟಗಳ ಕೆಲಸವನ್ನು ನಮಗೆ ಕೊಡುತ್ತಿದ್ದವು. ಓಡುವ, ಜಿಗಿಯುವ ಪಾತ್ರಗಳನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಅವು ಓಡಾಡುವ ಕಾಡು, ಬೆಟ್ಟ, ಹೊಳೆ, ಬಂಡೆಗಳು ನಮ್ಮ ಪಾಲು. ನಿಜವಾದ ಕಾಡಲ್ಲ, ಮಕ್ಕಳ ಕಥೆಯ ಕಾಡು. ಕಾಂಡ ಉಬ್ಬಿರಬೇಕು, ಎಲೆಗೊಂಚಲು ಮೋಡದ ಹಾಗಿರಬೇಕು, ಬಂಡೆಗೂ ಒಂದು ಸ್ವಭಾವ ಇರಬೇಕು. ಆ ಕಾಲದ ಕಂಪ್ಯೂಟರುಗಳಿಗೆ ಭಾರ ಹೊರುವ ಶಕ್ತಿ ಕಡಿಮೆ. ಒಂದು ಪೊದೆ ಬೇಕೆಂದರೆ, ಎಲೆಗಳ ಚಿತ್ರವಿರುವ ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡ ಸಿಕ್ಕಿಸಿ ನಿಲ್ಲಿಸಿದ ಹಾಗೆ ಮಾಡುತ್ತಿದ್ದೆವು. ದೂರದಿಂದ ಪೊದೆ, ಹತ್ತಿರ ಹೋದರೆ ರಟ್ಟು. ಆ ರಟ್ಟನ್ನು ಪೊದೆಯೆಂದು ನಂಬಿಸುವುದೇ ನಮ್ಮ ವಿದ್ಯೆ. ಪದ್ಮಕ್ಕ ಆ ವಿಭಾಗದ ಮುಖ್ಯಸ್ಥೆ.

ಅವರದು ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಮದ್ರಾಸಿಗೆ ಬಂದು ತಿರುವಲ್ಲಿಕೇಣಿಯಲ್ಲಿ ನೆಲೆಸಿದ ಮಾಧ್ವ ಮನೆತನ. ಮನೆಯಲ್ಲಿ ಕನ್ನಡ ಉಳಿದಿತ್ತು, ಆದರೆ ಅದರೊಳಗೆ ತಮಿಳು ಬಂದು ಸೇರಿಕೊಂಡು ಬಾಡಿಗೆ ಕೊಡದೆ ಇದ್ದುಬಿಟ್ಟಿತ್ತು. ಅವರ ಕನ್ನಡಕ್ಕೆ ನಾನು ನಗುತ್ತಿದ್ದೆ, ನನ್ನ ಕನ್ನಡಕ್ಕೆ ಅವರು. "ನೀನು 'ಗೊತ್ತಾಯ್ತಿಲ್ಲ ಕನಕ್ಕ' ಅಂತೀಯಲ್ಲ, ಅದನ್ನ ಇನ್ನೊಂದ್ಸಲ ಹೇಳು ಮಾ" ಎಂದು ಕೇಳಿ ಹೇಳಿಸಿಕೊಳ್ಳುತ್ತಿದ್ದರು. ಆಫೀಸಿನ ತಮಿಳು ಹುಡುಗರಿಗೂ ಅವರು ಅಕ್ಕನೇ. ಆ ಒಂದು ಪದಕ್ಕೆ ಎರಡು ಭಾಷೆಯವರೂ ಜಗಳವಾಡಬೇಕಾಗಿರಲಿಲ್ಲ.

ನಾನು ಸೇರಿದ ಮೊದಲ ವಾರ ಒಂದು ಬೇವಿನ ಮರ ಮಾಡಿ ತೋರಿಸಿದೆ. ಎಲೆಯ ಗರಗಸದಂಥ ಅಂಚನ್ನೂ ಬಿಡದೆ ಬರೆದಿದ್ದೆ. ಪದ್ಮಕ್ಕ ಮೂಗಿನ ಮೇಲಿನ ಕನ್ನಡಕವನ್ನು ಮೇಲೇರಿಸಿ ಬಹಳ ಹೊತ್ತು ನೋಡಿದರು.

"ಕಷ್ಟಪಟ್ಟಿದೀಯ. ಎಲೆ ಎಲ್ಲಾ ಎಣಿಸಿ ಬರೆದಿದೀಯ. ಆದ್ರೆ ಈ ಮರಕ್ಕೆ ಏನು ಬೇಕು ಮಾ?"

"ಏನು ಬೇಕು ಅಂದ್ರೆ? ನೀರಾ?"

"ಬಾ, ಕೊಂಜ ಕೆಳಗೆ ಹೋಗಿ ಬರೋಣ." ಕೊಂಜ ಎಂದರೆ ಸ್ವಲ್ಪ.

ಆಫೀಸಿನ ಎದುರಿಗೆ ಒಂದು ದೊಡ್ಡ ಮಳೆಮರವಿತ್ತು. ಸುತ್ತು ಹಾಕುವುದು ಮುಗಿದ ಮೇಲೆ ಅವರು ಕೇಳಿದರು: "ಇಲ್ಲಿ ಇದಕ್ಕೆ ಏನಂತಾರೆ ಗೊತ್ತಾ? ತೂಂಗುಮೂಂಜಿ. ಅಂದ್ರೆ ನಿದ್ದೆ ಮೋರೆ. ಸಾಯಂಕಾಲ ಆದ್ರೆ ಎಲೆ ಮಡಿಸ್ಕೊಂಡು ತೂಕಡಿಸತ್ತೆ, ಅದಕ್ಕೆ. ಹೆಸರಿಟ್ಟೋರು ಎಲೆ ಎಣಿಸಲಿಲ್ಲ, ಕಾಯಿ ನೋಡಲಿಲ್ಲ, ತೊಗಟೆ ಮುಟ್ಟಲಿಲ್ಲ. ನಿದ್ದೆ ಒಂದನ್ನ ಇಟ್ಕೊಂಡು ಮಿಕ್ಕಿದ್ದೆಲ್ಲ ಬಿಟ್ಟುಬಿಟ್ರು. ನಮ್ಮ ಕೆಲ್ಸಾನೂ ಅಷ್ಟೇ ತಾನೆ. ಏನು ಇಟ್ಕೋಬೇಕು, ಏನು ಬಿಡಬೇಕು."

ಮೇಲೆ ಹೋಗಿ ಬೇವಿನ ಮರವನ್ನು ಮತ್ತೆ ಮಾಡಿದೆ. ಅದಕ್ಕೆ ಏನು ಬೇಕು ಎಂದು ನನಗೆ ತಿಳಿಯಲು ಮತ್ತೂ ಕೆಲವು ದಿನ ಹಿಡಿಯಿತು. ಕೊನೆಗೆ ನನ್ನ ಬೇವು ಗಾಳಿಗೆ ಕಾದು ನಿಂತ ಮರವಾಯಿತು. ಎಲ್ಲ ಕೊಂಬೆಗಳೂ ಸ್ವಲ್ಪ ಒಂದೇ ಕಡೆ ವಾಲಿಕೊಂಡು, ಕಿವಿಗೊಟ್ಟ ಹಾಗೆ. ಪದ್ಮಕ್ಕ ನೋಡಿ, "ಆಮಾ, ಹೌದು, ಇದು ಚೆನ್ನೈ ಬೇವು" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ನಾನು ಕೇಳಲಿಲ್ಲ.

ಅವರು ಮಾಡಿದ ಫೈಲುಗಳಿಗೆಲ್ಲ ಕನ್ನಡ ಹೆಸರುಗಳು, ಇಂಗ್ಲಿಷ್ ಅಕ್ಷರಗಳಲ್ಲಿ. ದಪ್ಪಮರ, ಮೈಗಳ್ಳ ಮರ, ಕೋಪದ ಬಂಡೆ, ನಾಚಿಕೆ ಹುಲ್ಲು. ತಮಿಳು ಹುಡುಗರು ಇವು ಯಾವುದೋ ತಾಂತ್ರಿಕ ಪದಗಳೆಂದುಕೊಂಡು ಅವನ್ನೇ ಬಳಸುತ್ತಿದ್ದರು. ಅಲ್ಲಿಂದ ಅವು ಕ್ಲೈಂಟುಗಳ ಪತ್ರವ್ಯವಹಾರಕ್ಕೂ ಹೊಕ್ಕವು. ಸಮುದ್ರದಾಚೆ ಕುಳಿತ ಯಾರೋ ಒಬ್ಬ ಸಾಹೇಬ, ಕೋಪದ ಬಂಡೆಯನ್ನು ಇನ್ನೂ ಸ್ವಲ್ಪ ಎಡಕ್ಕೆ ಸರಿಸಿ ಎಂದು ಈಮೇಲ್ ಬರೆದಾಗ ನಾವಿಬ್ಬರೂ ಊಟದ ಡಬ್ಬಿ ಮುಂದಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು.

ಕಂಪ್ಯೂಟರ್ ಬರುವ ಮೊದಲು ಪದ್ಮಕ್ಕ ಜಾಹೀರಾತಿನ ಕಾರ್ಟೂನುಗಳಿಗೆ ಪೋಸ್ಟರ್ ಬಣ್ಣದಲ್ಲಿ ಹಿನ್ನೆಲೆ ಬರೆಯುತ್ತಿದ್ದರು. ಮೌಸ್ ಹಿಡಿದಾಗ ಅವರಿಗೆ ನಲವತ್ತರ ಹತ್ತಿರ. ಬೆಸೆಂಟ್ ನಗರದಲ್ಲಿ ಕಡಲಿಗೆ ಎರಡು ಬೀದಿ ಈಚೆ ಅವರ ಫ್ಲ್ಯಾಟು. ಮಕ್ಕಳಿರಲಿಲ್ಲ. ಯಜಮಾನರು ಗುರುರಾಜರು ಮಣಲಿಯ ಕಡೆ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ತೆಳ್ಳಗೆ, ಉದ್ದಕ್ಕೆ, ಮಾತಿಗೆ ಬಹಳ ಬಿಗಿ. ಅವರು ಇಡೀ ಸಂಜೆಯಲ್ಲಿ ಆಡಿದ ಒಂದು ಮಾತು ನನಗೆ ನೆನಪಿದೆ. ಹಬ್ಬಕ್ಕೆ ಊಟಕ್ಕೆ ಹೋಗಿದ್ದೆ. ಹೋಳಿಗೆ ಬಡಿಸಿದ ಮೇಲೆ ಅವರು ನನ್ನ ಕಡೆ ನೋಡಿ, "ನಾನು ದಿನವಿಡೀ ಹೊಗೆ ಕೊಳವೆ ಮಧ್ಯ ಇರ್ತೀನಿ. ಒಂದು ಗಿಡ ಕಣ್ಣಿಗೆ ಬೀಳಲ್ಲ. ಇವಳು ದಿನಾ ಒಂದೊಂದು ಕಾಡು ಬೆಳೆಸಿ ಬರ್ತಾಳೆ, ಮನೆಗೆ ಒಂದು ಕಡ್ಡಿ ತರೋಲ್ಲ" ಎಂದರು. ಪದ್ಮಕ್ಕ ಅಡುಗೆಮನೆಯಿಂದ, "ಬಂದು ನೋಡಿ ಅಂದ್ರೆ ನೀವೇ ಬರೋಲ್ಲ" ಎಂದರು. ಅವರು ಮತ್ತೆ ಹೋಳಿಗೆಗೆ ಮರಳಿದರು.

ಒಂದು ವರ್ಷ ಹೊರದೇಶದ ಕ್ಲೈಂಟೊಬ್ಬರು ಹಿಮ ಬಿದ್ದ ಕಾಡು ಬೇಕೆಂದು ಕೇಳಿದರು. ನಮ್ಮಲ್ಲಿ ಯಾರೂ ಹಿಮ ಕಂಡವರಲ್ಲ. ಕಂಪನಿಯ ಯಜಮಾನ ಬಾಲಾಜಿ, ಒಳ್ಳೆಯ ಮನುಷ್ಯ, ಎಲ್ಲಿಂದಲೋ ಸ್ವಿಟ್ಜರ್ಲೆಂಡಿನ ಕ್ಯಾಲೆಂಡರುಗಳನ್ನು ತಂದು ಗೋಡೆ ತುಂಬ ಅಂಟಿಸಿದರು. ಪದ್ಮಕ್ಕ ಎರಡು ದಿನ ನೋಡಿ ಅವನ್ನೆಲ್ಲ ಕಿತ್ತು ಬಾಲಾಜಿಯ ಮೇಜಿನ ಮೇಲಿಟ್ಟರು. "ಇದು ಬರೀ ಬಿಳಿ ಬಣ್ಣ ಸರ್. ಕೈಗೆ ಏನೂ ಸಿಗ್ತಾ ಇಲ್ಲ" ಎಂದು ತಮಿಳಿನಲ್ಲಿ ಹೇಳಿ, ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಕಾಶಿಮೇಡಿಗೆ ಕರೆದುಕೊಂಡು ಹೋದರು. ಅಲ್ಲಿ ಮೀನುಗಾರಿಕೆ ಬಂದರಿನ ಪಕ್ಕ ಐಸ್ ಫ್ಯಾಕ್ಟರಿಗಳಿವೆ. ಶವಪೆಟ್ಟಿಗೆಯಷ್ಟು ಉದ್ದದ ಐಸುಗಡ್ಡೆಗಳು ಹಲಗೆಯ ಮೇಲೆ ಜಾರಿ ಬಂದು ಯಂತ್ರಕ್ಕೆ ಬಿದ್ದು ಪುಡಿಯಾಗುತ್ತವೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ಪದ್ಮಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಐಸುಪುಡಿ ಹಿಡಿದು, ಅಂಗೈ ಕೆಂಪಾಗುವವರೆಗೆ ನಿಂತಿದ್ದರು. ಅಲ್ಲಿನ ಮೇಲ್ವಿಚಾರಕ ಬಂದು, "ಶೂಟಿಂಗಾ?" ಎಂದು ಕೇಳಿದ. ಚೆನ್ನೈಯಲ್ಲಿ ಯಾರಾದರೂ ಕೆಲಸವಿಲ್ಲದೆ ಒಂದು ಕಡೆ ನಿಂತರೆ ಕೇಳುವ ಮೊದಲ ಪ್ರಶ್ನೆ ಅದು. ಪದ್ಮಕ್ಕ, "ಇಲ್ಲೆ, ಸುಮ್ಮಾ" ಎಂದರು. ನಾನು ತಿರುಗಿ ನೋಡಿದೆ.

ನಾವು ಮಾಡಿ ಕಳಿಸಿದ ಹಿಮದ ಕಾಡಿಗೆ ಒಂದೇ ಸಾಲಿನ ಉತ್ತರ ಬಂತು: ಇದು ಹಿಮವಲ್ಲ, ಐಸು. ಬಾಲಾಜಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ಪದ್ಮಕ್ಕ ಮಾತ್ರ ಗಟ್ಟಿಯಾಗಿ ನಕ್ಕರು. "ಸರಿಯಾಗೇ ಹೇಳಿದಾನೆ. ನಾವು ನೋಡಿದ್ದು ಐಸು ತಾನೆ."

ಮಾರನೆಯ ದಿನ ಮನೆಯಿಂದ ಅಕ್ಕಿಹಿಟ್ಟು, ಜರಡಿ, ಒಂದು ಕಂತೆ ಕರಿಬೇವು, ನುಗ್ಗೆಸೊಪ್ಪಿನ ಕಡ್ಡಿಗಳು ತಂದರು. ಕಡ್ಡಿಗಳನ್ನು ಮೇಜಿನ ಮೇಲೆ ಜೇಡಿಮಣ್ಣಿನಲ್ಲಿ ನೆಟ್ಟು, ಮೇಲಿನಿಂದ ಹಿಟ್ಟು ಜರಡಿ ಹಿಡಿಯುತ್ತ, ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು. "ನೋಡಿ, ಮೇಲಿಂದ ಬೀಳೋದು ಮೇಲೇನೆ ಕೂತ್ಕೊಳತ್ತೆ. ಎಲೆ ಅಡಿ ಹಸಿರು ಹಸಿರಾಗೇ ಇದೆ. ಭಾರ ಆದಾಗ ಎಲೆ ಬಗ್ಗಿ ಜಾರಿಸ್ಬಿಡತ್ತೆ, ಅಲ್ಲಿ ಮತ್ತೆ ಹಸಿರು. ನಾವು ಸುಣ್ಣ ಬಳಿದ ಹಾಗೆ ಬಳಿದಿದ್ವಿ." ಆ ಸಲದ ಕಾಡು ಒಪ್ಪಿಗೆಯಾಯಿತು. ಆದರೆ ಜರಡಿಯ ಹಿಟ್ಟು ಎಲ್ಲೆಲ್ಲಿ ಹೋಗಿ ಕೂತಿತ್ತೋ, ಮುಂದೆ ಬಹಳ ದಿನ ನಮ್ಮ ಕೀಬೋರ್ಡುಗಳ ಸಂದಿಯಿಂದ ಸಾಲುಸಾಲಾಗಿ ಇರುವೆಗಳು ಹೊರಡುತ್ತಿದ್ದವು.

ಇದಾದ ಮೇಲೆ ಬಂದದ್ದು ದ್ವೀಪದ ಆಟ. ಸುತ್ತ ಕಡಲು, ನಡುವೆ ಕಾಡು. ಕಡಲನ್ನು ಪದ್ಮಕ್ಕ ತಾವೇ ಇಟ್ಟುಕೊಂಡರು. ಬೆಳಗಿನ ಹೊತ್ತು ಎಲಿಯಟ್ಸ್ ಬೀಚಿನಲ್ಲಿ ನಡೆಯುವುದು ಅವರಿಗೆ ಮೊದಲಿನಿಂದಲೂ ಅಭ್ಯಾಸ. ಈಗ ನಡೆಯುವುದು ಬಿಟ್ಟು ಅಲೆ ಮಡಚಿಕೊಳ್ಳುವುದನ್ನು, ನೊರೆ ಹರಡಿ ಇಂಗುವುದನ್ನು ನೋಡುತ್ತ ನಿಲ್ಲತೊಡಗಿದರು. ಅಲ್ಲಿ ಬಲೆ ಹೆಣೆಯುತ್ತ ಕೂರುತ್ತಿದ್ದ ಅಂಜಲೈ ಎಂಬ ಮುದುಕಿಯ ಸ್ನೇಹವಾಯಿತು. ಪಕ್ಕದ ಕುಪ್ಪದವಳು, ಎಂದರೆ ಮೀನುಗಾರರ ಕೇರಿಯವಳು. ಅವಳಿಗೆ ಇಬ್ಬರು ಮೊಮ್ಮಕ್ಕಳು, ಸೆಲ್ವಿ ಎಂಬ ಹುಡುಗಿ, ಅವಳಿಗಿಂತ ಚಿಕ್ಕವನೊಬ್ಬ ಹುಡುಗ. "ಕಡಲು ದಿನಾ ಇದೇ ತಾನೆ, ಏನು ಹೊಸದು ನೋಡ್ತೀಯ ಅಂತ ಕೇಳ್ತಾಳೆ ಅಂಜಲೈ" ಎಂದು ಪದ್ಮಕ್ಕ ನನಗೆ ಹೇಳುತ್ತಿದ್ದರು. ಅವರು ಮಾಡಿದ ಕಡಲಿನಲ್ಲಿ ನೊರೆಯ ಅಂಚು ಕಸೂತಿಯ ಹಾಗಿತ್ತು. ಅಲೆ ದಡಕ್ಕೆ ಬಂದು ಒಂದು ಕ್ಷಣ ಯೋಚಿಸಿ ಹಿಂದಕ್ಕೆ ಹೋಗುತ್ತಿತ್ತು.

ಆಟದ ಕೊನೆಯ ಲೆವೆಲ್ಲಿನಲ್ಲಿ ಒಂದು ದೊಡ್ಡ ಅಲೆ ದ್ವೀಪದ ಮೇಲೆ ಏರಿ ಬರಬೇಕಿತ್ತು. ಆಡುವ ಮಗು ಅದರಿಂದ ತಪ್ಪಿಸಿಕೊಂಡು ಗುಡ್ಡ ಹತ್ತಬೇಕು. ಸಿಕ್ಕಿಬಿದ್ದರೆ ಆಟ ಮೊದಲಿನಿಂದ ಶುರು. ಇದೆಲ್ಲ ತಿಂಗಳುಗಳ ಹಿಂದೆಯೇ ಗೊತ್ತಾಗಿದ್ದ ವಿಷಯ.

ಆ ಡಿಸೆಂಬರಿನ ಭಾನುವಾರ ಬೆಳಿಗ್ಗೆ ಸುನಾಮಿ ಬಂತು. ಪದ್ಮಕ್ಕ ಬೀಚಿನಲ್ಲಿದ್ದರು.

ಅವರು ಬದುಕಿ ಬಂದರು ಎಂಬುದಷ್ಟೇ ನಮಗೆ ತಿಳಿದದ್ದು. ಕೆಲವು ದಿನಗಳ ಮೇಲೆ ಆಫೀಸಿಗೆ ಬಂದಾಗ ಮೊಣಕೈಗೆ ಪಟ್ಟಿ ಕಟ್ಟಿತ್ತು, ಕನ್ನಡಕ ಹೊಸದಾಗಿತ್ತು. ಏನು ಕೇಳಿದರೂ "ಪರ್ವಾಯಿಲ್ಲೆ" ಎಂಬುದೊಂದೇ ಉತ್ತರ. ಕಂಪ್ಯೂಟರ್ ಹಾಕಿ ಕಡಲಿನ ಫೈಲು ತೆರೆದರು. ಮಾನಿಟರಿನ ತೆರೆ ತುಂಬ ನೀರು ಬಂದೊಡನೆ ಮುಚ್ಚಿದರು. ಮಧ್ಯಾಹ್ನ ಮತ್ತೆ ತೆರೆದು ಮತ್ತೆ ಮುಚ್ಚಿದರು. ಆಮೇಲೆ ಎದ್ದು ಹೋಗಿ ಹುಡುಗರ ಜೊತೆ ಬಂಡೆಗಳಿಗೆ ಪಾಚಿ ಬಳಿಯುತ್ತ ಕೂತರು. ಅಂಜಲೈಯ ಮೊಮ್ಮಗ ಹೋಗಿಬಿಟ್ಟನೆಂದು ಗುರುರಾಜರು ನನಗೆ ಫೋನಿನಲ್ಲಿ ಹೇಳಿದ್ದರು.

ಅಷ್ಟರಲ್ಲಿ ಕ್ಲೈಂಟಿನಿಂದ ಪತ್ರ ಬಂತು. ನಿಮ್ಮೂರಿನ ಸುದ್ದಿ ತಿಳಿಯಿತು, ಅಲೆಯ ಲೆವೆಲ್ಲನ್ನು ತೆಗೆದುಬಿಡೋಣ, ಹಣದ ಯೋಚನೆ ಬೇಡ ಎಂದು ಸಜ್ಜನಿಕೆಯಿಂದ ಬರೆದಿದ್ದರು. ಬಾಲಾಜಿ ಎಲ್ಲರನ್ನೂ ಕರೆದು ಓದಿ ಹೇಳಿದಾಗ ನಮಗೆಲ್ಲ ಎದೆಯ ಭಾರ ಇಳಿದ ಹಾಗಾಯಿತು. ಹಿಂದಿನ ಕುರ್ಚಿಯಿಂದ ಪದ್ಮಕ್ಕ ಹೇಳಿದರು:

"ತೆಗೀಬೇಡಿ ಸರ್."

ಬಾಲಾಜಿ ಮೆಲ್ಲಗೆ, "ಅಕ್ಕಾ, ಈಗ ಯಾರಿಗೂ ಅದು ಬೇಡ. ನಿಮಗಂತೂ ಬೇಡವೇ ಬೇಡ" ಎಂದರು.

"ಅಂಜಲೈ ಮನೇಲಿ ಸೆಲ್ವಿ ಹೊಸಲು ದಾಟ್ತಾ ಇಲ್ಲ ಸರ್. ಕೊಡದಲ್ಲಿ ನೀರು ಅಲ್ಲಾಡಿದ್ರೂ ಅಳತ್ತೆ. ನಾಳೆ ಅವರಪ್ಪ ಅದೇ ಕಡಲಿಗೆ ಹೋಗಬೇಕು, ಅದೇ ಅವರ ಅನ್ನ. ನಾವು ದ್ವೀಪ ಮಾಡಿ ಅಲೆ ತೆಗೆದ್ಬಿಟ್ರೆ ಯಾರಿಗೆ ಏನು ಒಳ್ಳೇದಾಯ್ತು? ಅಲೆ ಇರ್ಲಿ. ಆದ್ರೆ ಸಿಕ್ಕಿಕೊಂಡ ಮಗು ಸಾಯಬಾರದು. ಅಲೆ ಎತ್ಕೊಂಡು ಹೋದ್ರೆ, ವಾಪಸ್ ತಂದು ದಡದ ಮೇಲೆ ಬಿಡಬೇಕು. ಹೋದೋರು ಬರಬೇಕು. ಅಷ್ಟು ಮಾಡೋಕಾಗತ್ತಾ ಅಂತ ಅವರನ್ನ ಕೇಳಿ."

ಇದನ್ನೆಲ್ಲ ಅವರು ತಮಿಳಿನಲ್ಲಿ, ಒಂದೇ ದನಿಯಲ್ಲಿ, ತಮ್ಮ ಪಟ್ಟಿ ಕಟ್ಟಿದ ಮೊಣಕೈ ನೋಡಿಕೊಂಡು ಹೇಳಿದರು. ಬಾಲಾಜಿ, ಕೇಳಿ ನೋಡುತ್ತೇನೆ ಎಂದರು. ಮೊದಲು ಮಾಡಿ ತೋರಿಸಿ, ಆಮೇಲೆ ಹೇಳುತ್ತೇವೆ ಎಂದು ಉತ್ತರ ಬಂತು.

ಅಲೆ ಮಾಡುವ ಕೆಲಸ ನನಗೆ ಬಿತ್ತು. ಪದ್ಮಕ್ಕ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮಾನಿಟರಿಗೆ ಬೆನ್ನು ಮಾಡಿ ಕೂತರು. ಕಿಟಕಿಯಾಚೆಯ ಮಳೆಮರ ಅವರ ಮುಂದಿತ್ತು. ಅದನ್ನು ನೋಡಿಕೊಂಡು ನನ್ನನ್ನು ಕೇಳುತ್ತಿದ್ದರು, ಹೇಳುತ್ತಿದ್ದರು. ಅಲೆಯ ನೆತ್ತಿ ಎಷ್ಟು ಎತ್ತರ ಇಟ್ಟಿದೀಯ, ಅದು ಬಾಗೋ ಮುಂಚೆ ಕೊಂಜ ಸುಮ್ಮನಿರತ್ತಾ, ನೊರೆ ಮುಂದೆ ಓಡತ್ತಾ ಹಿಂದೆ ಉಳಿಯತ್ತಾ. ಕುರುಡರ ಜೊತೆ ಚಿತ್ರ ಬರೆದ ಹಾಗಿತ್ತು, ಆದರೆ ಇಬ್ಬರಲ್ಲಿ ಕುರುಡಿ ನಾನೇ ಎಂದು ಎಷ್ಟೋ ಸಲ ಅನ್ನಿಸಿತು.

ಒಂದು ಮಧ್ಯಾಹ್ನ ಕೇಳಿದರು. "ಅಡಿಯಲ್ಲಿ ಏನು ಬಣ್ಣ ಇಟ್ಟಿದೀಯ?"

"ಹಸಿರು ಅಕ್ಕ. ಮೇಲೆ ಹೋಯ್ತಾ ತಿಳಿ ಮಾಡಿವ್ನಿ."

"ಹಸಿರಾಗಿರಲಿಲ್ಲ ಮಾ. ಕಪ್ಪು."

ನಾನು ಕೈ ನಿಲ್ಲಿಸಿದೆ. ಕೆಳಗಿನ ಯಂತ್ರಗಳ ಸದ್ದು ಕೇಳುತ್ತಿತ್ತು.

"ಮೊದಲು ನೀರು ಹಿಂದಕ್ಕೆ ಹೋಯ್ತು. ನೆಲ ಕಾಣಿಸ್ತು. ಮರಳಲ್ಲಿ ಗೆರೆ ಗೆರೆ, ಅಷ್ಟು ಚೆಂದ ಇತ್ತು ಸುಮಾ. ನಾನು ನೋಡೋಕೆ ಇಳಿದೆ. ಅಂಜಲೈ ಕೂಗಿದ್ಲು. ನಾನು ಬರ್ತೀನಿ ಇರು ಅಂದೆ. ಅವಳೇ ಓಡಿ ಬಂದು ಸೆರಗು ಹಿಡಿದು ಎಳ್ಕೊಂಡು ರಸ್ತೆವರೆಗೂ ಓಡಿಸಿದ್ಲು. ಆಮೇಲೆ ತಿರುಗಿ ನೋಡಿದ್ಲು. ಹುಡುಗ ದೋಣಿ ಹತ್ತಿರ ಇದ್ದ."

ಮೌಸಿನ ಮೇಲೆ ಮತ್ತೆ ಕೈಯಿಟ್ಟು ಕೇಳಿದೆ. "ಕಪ್ಪು ಮಾಡ್ಲಾ ಅಕ್ಕ?"

ಅವರು ಮರವನ್ನೇ ನೋಡುತ್ತಿದ್ದರು. "ಬೇಡ" ಎಂದರು. "ನೀನು ಹಸಿರೇ ಇಡು. ಕಪ್ಪನ್ನ ಬಿಡೋಣ."

ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಎಂಬುದು ಕಷ್ಟದ ಕೆಲಸ ಎಂದು ಅಲ್ಲಿಯವರೆಗೆ ನಾನು ತಿಳಿದಿರಲೇ ಇಲ್ಲ.

ಕೆಲವು ವಾರ ಕಳೆದ ಮೇಲೆ ಸೆಲ್ವಿ ಅಜ್ಜಿಯ ಕೈ ಹಿಡಿದು ಹೊಸಲು ದಾಟತೊಡಗಿದಳು. ಅಂಜಲೈ ಸರ್ಕಾರದ ಪರಿಹಾರದ ಸಾಲುಗಳಲ್ಲಿ ನಿಲ್ಲಬೇಕಾಗಿ ಬಂದಾಗ ಸೆಲ್ವಿಯನ್ನು ಪದ್ಮಕ್ಕನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಒಂದು ಶನಿವಾರ ಮನೆಯಲ್ಲಿ ಯಾರೂ ಇಲ್ಲವೆಂದು ಪದ್ಮಕ್ಕ ಅವಳನ್ನು ಆಫೀಸಿಗೆ ಕರೆತಂದರು. ಹುಡುಗಿ ಮೂಲೆಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಪದ್ಮಕ್ಕ ಎಂದಿನಂತೆ ಮಾನಿಟರಿಗೆ ಬೆನ್ನು ಮಾಡಿ ಕೂತು ತಮ್ಮ ಪ್ರಶ್ನೆಗಳನ್ನು ಕೇಳುತ್ತಿದ್ದರು. ನಾನು ಅಲೆಯನ್ನು ಓಡಿಸಿ ನೋಡುತ್ತಿದ್ದೆ. ಯಾವಾಗ ಬಂದಳೋ ಕಾಣೆ, ತಿರುಗಿದರೆ ಸೆಲ್ವಿ ನನ್ನ ಭುಜದ ಪಕ್ಕದಲ್ಲಿದ್ದಾಳೆ. ನಾನು ಗಾಬರಿಯಿಂದ ತೆರೆ ಮುಚ್ಚಲು ಹೋದೆ. ಅವಳು ನನ್ನ ಕೈ ಸರಿಸಿದಳು.

ತೆರೆಯ ಮೇಲೆ ಅಲೆ ಏರಿ ಬಂತು. ಪಾತ್ರವನ್ನು ನುಂಗಿತು. ಹಸಿರು ನೀರು ಒಂದು ಸುತ್ತು ತಿರುಗಿತು, ಬಾಗಿತು, ಪಾತ್ರವನ್ನು ಮರಳಿನ ಮೇಲೆ ಇಳಿಸಿ, ನೊರೆಯನ್ನು ಬಿಟ್ಟು ಹಿಂದಕ್ಕೆ ಹೋಯಿತು. ಪಾತ್ರ ಎದ್ದು ಕೂತು ತಲೆ ಕೊಡವಿತು.

ಸೆಲ್ವಿ ಮೂಗು ಒರೆಸಿಕೊಂಡು, "ಇನ್ನೊರು ವಾಟಿ" ಎಂದಳು. ಇನ್ನೊಂದು ಸಲ. ಮತ್ತೆ ಅಲೆ ಬಂತು, ಒಯ್ದಿತು, ತಂದು ಬಿಟ್ಟಿತು. ಹೀಗೆ ಎಷ್ಟು ಸಲ ನೋಡಿದಳೋ. ಪದ್ಮಕ್ಕನ ಬೆನ್ನು ಕಲ್ಲಿನ ಹಾಗೆ ಕದಲದೆ ಇತ್ತು. ಕೊನೆಗೆ ಸೆಲ್ವಿ ತೆರೆಯ ಮೂಲೆಗೆ ಬೆರಳು ಒತ್ತಿ ಜೋರಾಗಿ ಹೇಳಿದಳು. "ಅಕ್ಕಾ, ಪಡಗು ತಪ್ಪಾ ಇರುಕ್ಕು."

ದೋಣಿ ತಪ್ಪಾಗಿದೆಯಂತೆ. ದಡಕ್ಕೆ ಎಳೆದಿಟ್ಟ ದೋಣಿಯನ್ನು ನಾವು ಊರಿನ ಕಡೆ ಮುಖ ಮಾಡಿ ಇಟ್ಟಿದ್ದೆವು. ಅದರ ಮೂಗು ಕಡಲ ಕಡೆ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಹೇಗೆ ಹೋಗುತ್ತಾರೆ ಎಂದು ಕೇಳಿದಳು.

"ಎಲ್ಲಿ?" ಎಂದು ಪದ್ಮಕ್ಕ ಕುರ್ಚಿ ತಿರುಗಿಸಿದರು.

ದೋಣಿ ನೋಡಲೆಂದೇ ತಿರುಗಿದ್ದು. ದೋಣಿಯನ್ನೇ ನೋಡಿದರು. ಆದರೆ ಅದರ ಹಿಂದೆ ನೀರಿತ್ತು, ಮೆಲ್ಲಗೆ ಬಂದು ಹೋಗುತ್ತಿತ್ತು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಅವಳು ಹೇಳೋದು ಸರಿ ಮಾ. ತಿರುಗಿಸು" ಎಂದರು. ನಾನು ದೋಣಿಯನ್ನು ಕಡಲ ಕಡೆಗೆ ತಿರುಗಿಸಿದೆ. ಅವರು ಕುರ್ಚಿಯನ್ನು ಮತ್ತೆ ಕಿಟಕಿಯ ಕಡೆಗೆ ತಿರುಗಿಸಲಿಲ್ಲ. ಸಂಜೆಯವರೆಗೆ ಮೂವರೂ ಕೂತು ಆ ದಡವನ್ನು ಸರಿಮಾಡಿದೆವು. ಸೆಲ್ವಿ ಬಲೆಗಳನ್ನು ಎಲ್ಲಿ ಒಣಹಾಕಬೇಕೆಂದು ಹೇಳಿಕೊಟ್ಟಳು.

ಕ್ಲೈಂಟು ಒಪ್ಪಿಕೊಂಡರು. ಆಟ ಮಾರುಕಟ್ಟೆಗೆ ಬಂದಾಗ ಡಬ್ಬಿಯ ಮೇಲೆ ನಮ್ಮ ಯಾರ ಹೆಸರೂ ಇರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಪದ್ಮಕ್ಕ, "ಯಾವ ಕಾಡಿನ ಬಾಗಿಲಲ್ಲಿ ಹೆಸರು ಬರೆದಿದೆ ಹೇಳು, ಬಿಡು ಮಾ" ಎಂದು ಮೊಸರನ್ನ ಕಲೆಸತೊಡಗಿದರು.

ಮದುವೆಯಾಗಿ ನಾನು ಮೈಸೂರಿಗೆ ಹೊರಟಾಗ ಸೆಂಟ್ರಲ್ ಸ್ಟೇಷನ್ನಿಗೆ ಬಂದಿದ್ದರು. ಪೊಟ್ಟಣದಲ್ಲಿ ಪುಳಿಯೋಗರೆ, ಕುಡಿಯಲು ನೀರಿನ ಬಾಟಲಿ. ರೈಲು ಹೊರಡುವವರೆಗೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. "ನಿಮ್ಮೂರಲ್ಲಿ ಮರ ಜಾಸ್ತಿ. ನೋಡಿ ನೋಡಿ ನಕಲು ಮಾಡೋಕೆ ಶುರು ಮಾಡ್ಬಿಡ್ತೀಯ, ಜೋಪಾನ" ಎಂದರು. ಅದೇ ನಾನು ಅವರನ್ನು ಕೊನೆಯ ಸಲ ನೋ‌ಡಿದ್ದು. ಮುಂದಿನ ವರ್ಷ ಬಾಲಾಜಿಯ ಕಂಪನಿ ಮುಚ್ಚಿತು. ಅದರ ಮರುವರ್ಷ ಪದ್ಮಕ್ಕನಿಗೆ ಕಾಯಿಲೆ ಬಂತು. ಫೋನಿನಲ್ಲಿ ಮಾತಾಡುತ್ತಿದ್ದರು, ಕಾಯಿಲೆಯ ಮಾತು ಎತ್ತಿದರೆ ಬೇರೆ ಮಾತಿಗೆ ಹೋಗುತ್ತಿದ್ದರು. ಮಗು ಹೊಟ್ಟೆಯಲ್ಲಿದ್ದ ನನಗೆ ಪ್ರಯಾಣ ಬೇಡವೆಂದರು. ನಾನು ಹೊರಡುವ ಸ್ಥಿತಿಗೆ ಬರುವ ಮೊದಲೇ ಅವರು ಹೋದರು.

ಕೆಲವು ತಿಂಗಳ ಮೇಲೆ ಗುರುರಾಜರ ಫೋನು ಬಂತು. "ಅವಳು ಮಾಡಿದ್ದು ಒಂದ್ಸಲ ನೋಡ್ಬೇಕಿತ್ತು. ನಂಗೆ ಅದನ್ನ ಹಾಕೋಕೆ ಬರೋಲ್ಲ" ಎಂದರು. ಮಗುವನ್ನು ಅಮ್ಮನ ಬಳಿ ಬಿಟ್ಟು, ದ್ವೀಪದ ಆಟದ ಡಿಸ್ಕು ತೆಗೆದುಕೊಂಡು ಬೆಸೆಂಟ್ ನಗರಕ್ಕೆ ಹೋದೆ. ಪದ್ಮಕ್ಕನ ಕಂಪ್ಯೂಟರಿನ ಮೇಲೆ ಅವರು ಒಂದು ಶುಭ್ರವಾದ ಟವೆಲ್ಲು ಮುಚ್ಚಿಟ್ಟಿದ್ದರು. ನಾನು ಆಟ ಹಾಕಿಕೊಟ್ಟು, ಯಾವ ಕೀಲಿ ಒತ್ತಿದರೆ ಮುಂದಕ್ಕೆ, ಯಾವುದು ಪಕ್ಕಕ್ಕೆ ಎಂದು ತೋರಿಸಿದೆ. ಅವರು ಒಂದೊಂದೇ ಬೆರಳಿನಿಂದ ಒತ್ತುತ್ತ, ಬಂಡೆಗೆ ಡಿಕ್ಕಿ ಹೊಡೆಯುತ್ತ, ಅದೇ ಜಾಗದಲ್ಲಿ ಸುತ್ತುತ್ತ, ದ್ವೀಪದ ಕಾಡಿನೊಳಗೆ ಹೋದರು. ಮುಂದೆ ಹೋಗಿ ಹಣ್ಣುಗಳನ್ನು ಆರಿಸಬೇಕು, ಸೇತುವೆ ದಾಟಬೇಕು ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ" ಎಂದರು.

ಸ್ವಲ್ಪ ದೂರ ಹೋದ ಮೇಲೆ ಕೇಳಿದರು. "ಇದನ್ನ ನಿಲ್ಲಿಸೋದು ಹೇಗಮ್ಮ?"

"ಸಾಕಾಯ್ತಾ? ಮುಚ್ಚಿಬಿಡ್ಲಾ?"

"ಮುಚ್ಚೋದಲ್ಲ. ಇಲ್ಲೇ ನಿಂತ್ಕೋಬೇಕು ಅಂದ್ರೆ?"

"ಏನೂ ಮಾಡಬೇಕಾಗಿಲ್ಲ. ಕೈ ತೆಗೆದ್ರೆ ನಿಲ್ಲತ್ತೆ."

ಅವರು ಎರಡೂ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಪಾತ್ರ ನಿಂತಿತು. ತೆರೆಯ ಮೇಲೆ ಎಲೆಗಳು ಅಲುಗಾಡುತ್ತಲೇ ಇದ್ದವು.